ಆರಡಿ ಸಿಸ್ಟರ್, ಮೂರಡಿ ಬೈಕು

ಮಾರ್ಚ್ ೩, ಸೋಮವಾರ

ಇವತ್ತು ಆಸ್ಪತ್ರೆಯವರು ನನಗೆ ಬೈಕು ಕೊಟ್ಟರು. ಬೈಕು ಅನ್ನುವುದು ಅವರ ಮಾತು. ಶೆಡ್ಡಿನಲ್ಲಿ ದೊಡ್ಡ ಗಾಡಿಗಳ ನಡುವೆ ನಿಂತಿದ್ದ ಅದನ್ನು ನೋಡಿ, ಇವುಗಳಲ್ಲೊಂದರ ಮರಿ ಇರಬೇಕು ಅಂದುಕೊಂಡೆ. "ಇದೇನಾ?" ಎಂದೆ. ನಮ್ಮ ಮುಖ್ಯ ನರ್ಸ್, ಎಲ್ಲರ ಬಾಯಲ್ಲಿ ದೊಡ್ಡ ಸಿಸ್ಟರ್, ಬೀಗದ ಕೈಯನ್ನು ನನ್ನ ಅಂಗೈಗೆ ಹಾಕಿ, "ಇದೇ. ಗುಡ್ಡದ ಗಲ್ಲಿಗಳಿಗೆ ಇದು ಬಿಟ್ರೆ ಬೇರೇನೂ ನುಗ್ಗಲ್ಲ. ಹಳೇ ಸಿಸ್ಟರ್ ರಿಟೈರ್ ಆಗೋವರೆಗೂ ಇದರಲ್ಲೇ ಓಡಾಡಿದ್ರು" ಎಂದರು.

ಹಳೇ ಸಿಸ್ಟರ್ ಎಷ್ಟೆತ್ತರ ಇದ್ದರು ಎಂದು ಕೇಳಿದೆ. ದೊಡ್ಡ ಸಿಸ್ಟರ್ ತಮ್ಮ ಭುಜದ ಕೆಳಗೆ ಕೈ ಹಿಡಿದು ತೋರಿಸಿದರು. ನಾನು ಆರಡಿ ಒಂದಿಂಚು, ಅದೂ ಬರಿಗಾಲಲ್ಲಿ.

ವಾರ್ಡಿನಲ್ಲಿ ಹಾಯಾಗಿದ್ದೆ. ಮಲಗಿರುವವರಿಗೆ ಎಲ್ಲರೂ ಎತ್ತರವೇ. ಇನ್ನು ಮೇಲೆ ಗುಡ್ಡದ ಗರ್ಭಿಣಿಯರನ್ನೂ ಹಸುಗೂಸುಗಳನ್ನೂ ಮನೆಮನೆಗೆ ಹೋಗಿ ನೋಡುವ ಕೆಲಸ. ಕೆಲಸಕ್ಕೆ ನಾನು ಹೆದರುವವಳಲ್ಲ. ಆದರೆ ಆ ಬೈಕಿನ ಮೇಲೆ ಕೂತು ಊರ ನಡುವೆ ಹೋಗುವುದನ್ನು ನೆನೆಸಿಕೊಂಡರೆ ಊಟ ಸೇರುತ್ತಿಲ್ಲ. ಅಮ್ಮನಿಗೆ ಹೇಳಿದರೆ, "ಕೆಳಗೆ ಬಿದ್ರೂ ಹೆಚ್ಚು ಪೆಟ್ಟಾಗಲ್ಲ ಬಿಡು, ನೆಲ ಹತ್ರಾನೇ ಇರುತ್ತೆ" ಎಂದು ಸಮಾಧಾನ ಮಾಡಿದಳು.

ಮಾರ್ಚ್ ೪, ಮಂಗಳವಾರ

ಕೂತೆ. ಮೊಣಕಾಲು ಹ್ಯಾಂಡಲ್‌ಗೆ ತಗಲಿತು. ಕಾಲು ಒಳಗಿಟ್ಟರೆ ತಿರುವಿನಲ್ಲಿ ಹ್ಯಾಂಡಲ್ ತಿರುಗುವುದಿಲ್ಲ, ಹೊರಗಿಟ್ಟರೆ ದಾರಿಯಲ್ಲಿ ಹೋಗುವವರಿಗೆಲ್ಲ ಮೊಣಕಾಲಿನ ದರ್ಶನ. ಹೊರಗೇ ಇಟ್ಟೆ.

ಬಸ್ ನಿಲ್ದಾಣದ ಹತ್ತಿರ ಒಬ್ಬ ಪುಣ್ಯಾತ್ಮ ಪಕ್ಕದವನ ತೋಳು ತಿವಿದು ನನ್ನನ್ನು ತೋರಿಸಿದ. ಪಕ್ಕದವನು ಇನ್ನೊಬ್ಬನಿಗೆ ತೋರಿಸಿದ. ಅವರನ್ನು ನೋಡಬಾರದೆಂದು ಮುಖ ಆಚೆ ತಿರುಗಿಸಿದರೆ ಅಲ್ಲಿ ಬಟ್ಟೆ ಅಂಗಡಿಯ ಗೋಡೆಯಷ್ಟಗಲದ ಗಾಜು. ಗಾಜಿನೊಳಗೆ ಹೆಲ್ಮೆಟ್ ಹಾಕಿಕೊಂಡ ಒಂದು ಮಿಡತೆ ನನ್ನ ಜೊತೆಜೊತೆಗೇ ಬರುತ್ತಿತ್ತು. ನಾನು ಜೋರು ಮಾಡಿದರೆ ಅದೂ ಜೋರು. ನಾಚಿಕೆಯಿಂದ ನೀರಾಗಿ ಹೋದೆ.

ನಾಳೆಯಿಂದ ಹಿಂದಿನ ಬೀದಿಯಲ್ಲಿ ಹೋಗಬೇಕು. ಅಲ್ಲಿ ಬರೀ ಗೋದಾಮುಗಳು, ಗಾಜಿಲ್ಲ.

ಮಾರ್ಚ್ ೭, ಶುಕ್ರವಾರ

ಉಪಾಯ ಸಿಕ್ಕಿತು. ಗುಡ್ಡದ ಬುಡದಲ್ಲಿ ಒಂದು ಮೆಕ್ಯಾನಿಕ್ ಅಂಗಡಿ ಇದೆ. ಅದರ ಹಿಂದೆ ಹಳೇ ಟೈರುಗಳ ರಾಶಿ. ಬೈಕನ್ನು ಅಲ್ಲಿ ಮರೆಯಾಗಿ ನಿಲ್ಲಿಸಿ, ಚೀಲ ಹೆಗಲಿಗೇರಿಸಿ ಗಲ್ಲಿಗಳನ್ನು ನಡೆದೇ ಹತ್ತಿದೆ. ಉಸಿರು ಕಟ್ಟಿತು, ಆದರೆ ಮಾನ ಉಳಿಯಿತು.

ಗುಡ್ಡದ ತುದಿಯ ಮನೆಯಲ್ಲಿ ಒಬ್ಬಳು ಹೊಲಿಗೆಯವಳು ಇದ್ದಾಳೆ. ಕಿಟಕಿಗೆ ಒತ್ತಿಕೊಂಡು ಮಿಷನ್, ಸುತ್ತ ಇಡೀ ಗಲ್ಲಿಯ ಹರಕು ಬಟ್ಟೆ. ತಿಂಗಳು ತುಂಬಲು ಇನ್ನು ಐದು ವಾರ. ನಾನು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದಾಗ ಅವಳು ಮೊದಲು ನೋಡಿದ್ದು ನನ್ನ ಕೋಟಿನ ತೋಳು. "ಮೂರು ಬೆರಳು ಗಿಡ್ಡ ಇದೆ" ಎಂದಳು. ಅಷ್ಟೇ. ಬಿಪಿ ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ, ಮಗುವಿನ ಎದೆಬಡಿತ ಕೇಳಿಸಿದೆ. ಬೇರೆಯವರು ಆ ಸದ್ದು ಕೇಳಿದರೆ ಕಣ್ಣರಳಿಸುತ್ತಾರೆ. ಇವಳು ಗೋಡೆ ನೋಡುತ್ತಿದ್ದಳು. ಅವಳ ಅತ್ತೆ ನನ್ನನ್ನು ಕಳಿಸಲು ಹೊಸ್ತಿಲವರೆಗೆ ಬಂದು, "ಹಳೇ ಸಿಸ್ಟರ್ ಇನ್ನು ಬರೋದೇ ಇಲ್ವಾ?" ಎಂದು ಕೇಳಿದರು. ಮುಖಕ್ಕೆ ಹೊಡೆದ ಹಾಗಾಯಿತು.

ಮಾರ್ಚ್ ೧೨, ಬುಧವಾರ

ನಡಿಗೆ ಚೆನ್ನಾಗಿದೆ. ಯಾರೂ ನಗುವುದಿಲ್ಲ. ಯಾರೂ ಸಿಗುವುದೂ ಇಲ್ಲ. ಅರ್ಧ ಮನೆಗಳಿಗೆ ಬೀಗ, ಉಳಿದರ್ಧ ಮನೆಗಳಲ್ಲಿ ಬೆಕ್ಕು.

ಮಾರ್ಚ್ ೧೭, ಸೋಮವಾರ

ದೊಡ್ಡ ಸಿಸ್ಟರ್ ಕರೆಸಿದರು. "ಗುಡ್ಡದಿಂದ ದೂರು ಬಂದಿದೆ. ನೀನು ಹೋಗ್ತಾನೇ ಇಲ್ವಂತಲ್ಲ?"

ನನಗೆ ಮೈಯೆಲ್ಲ ಉರಿಯಿತು. ದಿನಾ ಹತ್ತಿ ಇಳಿದು ಕಾಲು ಕಂಬವಾಗಿದೆ. ಮೊದಲೇ ಕಂಬ, ಈಗ ಮರಗಟ್ಟಿದ ಕಂಬ. ಹಾಗಂತ ಹೇಳಿದೆ. ದೊಡ್ಡ ಸಿಸ್ಟರ್ ತಮ್ಮ ಪಾಡಿಗೆ ಚಹಾ ಕುಡಿಯುತ್ತಾ, "ಬೈಕು ಎಲ್ಲಿಡ್ತೀಯ?" ಎಂದರು.

"ಕೆಳಗೆ."

"ಅದೇ ಮತ್ತೆ. ಆ ಹೆಂಗಸರೇನು ನಿನ್ನ ದಾರಿ ಕಾಯ್ತಾ ಮನೇಲಿ ಕೂತಿರ್ತಾರಾ? ಒಬ್ಬಳು ಮಾಳಿಗೆ ಮೇಲೆ ಬಟ್ಟೆ ಹರವ್ತಿರ್ತಾಳೆ, ಒಬ್ಬಳು ನಲ್ಲಿ ಹತ್ರ, ಇನ್ನೊಬ್ಬಳು ಪಕ್ಕದ ಗಲ್ಲೀಲಿ. ಆ ಬೈಕಿನ ಸದ್ದು ಬುಡದಲ್ಲಿ ಕೇಳಿಸಿದ್ರೆ ಸಾಕು, ಅದು ಏರಿ ಬರೋಷ್ಟರಲ್ಲಿ ಎಲ್ಲರೂ ಮಗು ಎತ್ಕೊಂಡು ಬಾಗಿಲಿಗೆ ಬಂದಿರ್ತಾರೆ. ಇಷ್ಟು ವರ್ಷ ಹಾಗೇ ನಡೆದಿದ್ದು. ನೀನು ರಬ್ಬರ್ ಶೂ ಹಾಕ್ಕೊಂಡು ಕಳ್ಳನ ಹಾಗೆ ಹೋಗಿ ಬಂದ್ರೆ ಯಾರಿಗೆ ಗೊತ್ತಾಗ್ಬೇಕು?"

ಬೈಕು ಯಾಕೆ ಕೆಳಗೆ ಬಿಡುತ್ತೀಯ ಎಂದು ಅವರು ಕೇಳಲಿಲ್ಲ. ನನ್ನ ಮೊಣಕಾಲು ಒಮ್ಮೆ ನೋಡಿದರು, ಮುಗುಳ್ನಕ್ಕರು, ಫೈಲು ತೆರೆದರು. ಕೇಳಿದ್ದರೇ ವಾಸಿಯಿತ್ತು.

ಮಾರ್ಚ್ ೧೮, ಮಂಗಳವಾರ

ಹಲ್ಲು ಕಚ್ಚಿಕೊಂಡು ಏರಿದೆ. ಟುಕುಟುಕುಟುಕು ಎಂದು ಅದು ಗಲ್ಲಿಯ ಗೋಡೆಗಳನ್ನೆಲ್ಲ ಎಬ್ಬಿಸಿತು. ಮೊದಲ ತಿರುವಿನಲ್ಲೇ ಒಂದು ಕಿಟಕಿ ತೆರೆಯಿತು, ಆಮೇಲೆ ಎರಡು, ಆಮೇಲೆ ಲೆಕ್ಕವಿಲ್ಲ. ನಕ್ಕರು. ಕೈಲಿದ್ದ ಬಕೆಟ್ ಕೆಳಗಿಟ್ಟು ನಕ್ಕರು. ಒಬ್ಬ ಅಜ್ಜಿ ಸೊಂಟಕ್ಕೆ ಕೈಕೊಟ್ಟು, "ಬೈಕು ಓಡಿಸ್ತಿದ್ದೀಯೋ, ಎತ್ಕೊಂಡು ಬರ್ತಿದ್ದೀಯೋ?" ಎಂದರು. ಗಲ್ಲಿಯೇ ಬಿದ್ದು ಬಿದ್ದು ನಕ್ಕಿತು.

ಆದರೆ ಬಾಗಿಲಿಗೆ ಬಂದವರು ಒಬ್ಬರೂ ಒಳಗೆ ಹೋಗಲಿಲ್ಲ. ನಗುತ್ತಲೇ ಮಕ್ಕಳನ್ನು ತೂಕಕ್ಕೆ ಕೊಟ್ಟರು, ನಗುತ್ತಲೇ ತೋಳು ಚಾಚಿ ಬಿಪಿ ನೋಡಿಸಿಕೊಂಡರು. ಎರಡು ವಾರದಲ್ಲಿ ಆಗದ ಕೆಲಸ ಒಂದು ಬೆಳಗ್ಗೆ ಆಯಿತು.

ತುದಿಯ ಮನೆಯ ಹೊಲಿಗೆಯವಳು ಕಿಟಕಿಯಲ್ಲಿದ್ದಳು. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದಳು. ನಾನು ಇಳಿಯಲು ಹೋಗಿ ಕೋಟು ಬ್ರೇಕಿಗೆ ಸಿಕ್ಕಿ ಒಂಟಿಕಾಲಲ್ಲಿ ಕುಣಿದಾಗ ಅವಳು ಆತುರಾತುರವಾಗಿ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು, ಆಮೇಲೆ ನಕ್ಕಳು. ಒಳಗಿಂದ ಓಡಿಬಂದ ಅತ್ತೆ ನನ್ನನ್ನು ನೋಡಲೇ ಇಲ್ಲ, ಸೊಸೆಯ ಮುಖವನ್ನೇ ನೋಡುತ್ತಾ ನಿಂತರು. "ಇವಳು ನಕ್ಕಿದ್ದು ನೋಡಿ ಎಷ್ಟು ಕಾಲ ಆಯ್ತೋ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇರಲಿ. ನನ್ನ ಮರ್ಯಾದೆ ಹೋದರೂ ಒಬ್ಬರಿಗೆ ಉಪಯೋಗಕ್ಕೆ ಬಂತು.

ಮಾರ್ಚ್ ೨೨, ಶನಿವಾರ

ಬೈಕಿಗೆ ಏನಾದರೂ ಮಾಡಲಾಗುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿದೆ. ಅವನು ಬೈಕಿನ ಸುತ್ತ ಒಂದು ಸುತ್ತು, ನನ್ನ ಸುತ್ತ ಒಂದು ಸುತ್ತು ಬಂದ. "ಎರಡೇ ದಾರಿ ಸಿಸ್ಟರ್. ಗಾಡಿ ಬೆಳೀಬೇಕು, ಇಲ್ಲಾ ನೀವು ಕುಗ್ಗಬೇಕು." ಕೊನೆಗೆ ಸೀಟಿನ ಮೇಲೆ ದಪ್ಪ ಸ್ಪಂಜಿನ ಇನ್ನೊಂದು ಸೀಟು ಬಿಗಿದ. ಮೊಣಕಾಲು ಇಳಿಯಿತು, ನಿಜ. ನಾನು ಏರಿದೆ. ಈಗ ಗಲ್ಲಿಯಲ್ಲಿ ಬಟ್ಟೆ ಹರವಿದ ಹಗ್ಗಗಳೆಲ್ಲ ಸರಿಯಾಗಿ ಕುತ್ತಿಗೆಗೆ ಬರುತ್ತವೆ. ಇವತ್ತು ಯಾರದೋ ಮನೆಯ ದಿಂಬಿನ ಕವರನ್ನು ಹೆಲ್ಮೆಟ್ಟಿನ ಮೇಲೆ ಹೊತ್ತುಕೊಂಡು ಮುಂದಿನ ತಿರುವಿನವರೆಗೆ ಹೋಗಿದ್ದೆ.

ಆದರೂ ಗೋದಾಮಿನ ಗೋಡೆ ಮೇಲೆ ಬೀಳುವ ನೆರಳು ಮೊದಲಿಗಿಂತ ಘನವಾಗಿದೆ.

ಮಾರ್ಚ್ ೨೭, ಗುರುವಾರ

ಇವತ್ತು ಹೊಲಿಗೆಯವಳು ನನ್ನ ಕೋಟು ಬಿಚ್ಚಿಸಿಕೊಂಡು ತೋಳಿಗೆ ಪಟ್ಟಿ ಕೂಡಿಸಿ ಹೊಲಿದಳು. ಹೊಲಿಯುತ್ತಾ, ಮಿಷನ್ನಿನ ಸದ್ದಿನ ಮರೆಯಲ್ಲಿ, ತಾನಾಗಿ ಹೇಳಿದಳು.

ಇದು ಎರಡನೆಯದು. ಮೊದಲನೆಯದಕ್ಕೆ ನೋವು ಶುರುವಾದಾಗ ಆಸ್ಪತ್ರೆಯ ವ್ಯಾನು ಗುಡ್ಡದ ಬುಡದಲ್ಲೇ ನಿಂತಿತು, ಗಲ್ಲಿಗೆ ಬರಲಾಗುವುದಿಲ್ಲವಲ್ಲ. ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿಸಿದರು. ದಾರಿಯಲ್ಲಿ ಕುರ್ಚಿಯ ಕಾಲು ಮುರಿಯಿತು. ಇನ್ನೊಂದು ಕುರ್ಚಿ ತರುವಷ್ಟರಲ್ಲಿ ಹೊತ್ತಾಯಿತು. ಮಗು ಉಳಿಯಲಿಲ್ಲ.

"ಈ ಸಲಾನೂ ಇಳಿಯೋಕಾಗ್ದೇ ಇದ್ರೆ?" ಎಂದಳು. ಗಲ್ಲಿಯ ಮಕ್ಕಳಿಗೆಲ್ಲ ಅಂಗಿ ಹೊಲಿದವಳು ತನ್ನದಕ್ಕೆ ಒಂದು ಹೊಲಿಗೆಯನ್ನೂ ಹಾಕಿಲ್ಲ. ಹಾಕಲು ಧೈರ್ಯವಿಲ್ಲವಂತೆ.

"ಇಳೀತೀರಿ. ನಾನಿರ್ತೀನಲ್ಲ" ಎಂದುಬಿಟ್ಟೆ. ವಾರ್ಡಿನಲ್ಲಿ ನಾವು ಹೀಗೆ ಮಾತು ಕೊಡುವುದಿಲ್ಲ. ಕೊಡಬಾರದೆಂದು ಮೊದಲ ದಿನವೇ ಕಲಿಸುತ್ತಾರೆ. ಕೊಟ್ಟಾಯಿತು, ಇನ್ನು ನುಂಗುವಂತಿಲ್ಲ.

ಏಪ್ರಿಲ್ ೨, ಬುಧವಾರ

ಇದೊಂದು ಕಡಿಮೆಯಾಗಿತ್ತು ಅನ್ನುವ ಹಾಗೆ ಗಲ್ಲಿಯನ್ನು ಅಗೆದಿದ್ದಾರೆ. ನೀರಿನ ಪೈಪು ಹಾಕುತ್ತಾರಂತೆ. ಉದ್ದಕ್ಕೂ ಹೊಂಡ, ಹೊಂಡದ ಪಕ್ಕ ಕೆಸರು, ಗೋಡೆಗೆ ಒತ್ತಿಕೊಂಡು ಒಂದಾಳು ಹೋಗುವಷ್ಟು ದಾರಿ. ಪೈಪಿನವರ ಮೇಸ್ತ್ರಿಯನ್ನು ಎಷ್ಟು ದಿನ ಎಂದು ಕೇಳಿದರೆ ಆಕಾಶ ನೋಡಿದ. ಇಬ್ಬರು ಪಕ್ಕಪಕ್ಕ ನಡೆಯಲಾಗದ ಕಡೆ ಕುರ್ಚಿ ಹೊರುವುದು ಹೇಗೆ? ಹೊಲಿಗೆಯವಳ ಗಂಡ ಬೇಕರಿಯವನು, ಅವನೂ ಅದನ್ನೇ ಯೋಚಿಸುತ್ತಾ ಮಂಕಾಗಿದ್ದಾನೆ. ನಾಳೆಯೇ ಆಸ್ಪತ್ರೆಗೆ ಸೇರಿಸೋಣವೆಂದರೆ ಹಾಸಿಗೆ ಖಾಲಿ ಇಲ್ಲ, ಮುಂದಿನ ವಾರದ ಕೊನೆಗೆ ಎಂದರು ದೊಡ್ಡ ಸಿಸ್ಟರ್.

ಕೆಸರಲ್ಲಿ ಬೈಕು ಎರಡು ಸಲ ಜಾರಿತು. ಇಳಿಯುವಾಗ ಮೆಕ್ಯಾನಿಕ್‌ನ ಹತ್ತಿರ ಸ್ಪಂಜಿನ ಸೀಟು ಬಿಚ್ಚಿಸಿದೆ. "ಚೆನ್ನಾಗಿ ಕಾಣ್ತಿತ್ತಲ್ಲ ಸಿಸ್ಟರ್?" ಎಂದ. ಕಾಲು ಪೂರ್ತಿ ನೆಲಕ್ಕೆ ಸಿಗುವುದಿಲ್ಲ, ತೆಗೆ ಎಂದೆ. ಈಗ ಸೀಟಿನ ಮೇಲೆ ಕೂತೇ ಎರಡೂ ಪಾದ ಊರಿಕೊಂಡು ನಡೆಯಬಹುದು. ಎಂಜಿನ್ ಅದರ ಪಾಡಿಗೆ ಟುಕುಟುಕು ಅನ್ನುತ್ತದೆ, ನಾನು ನನ್ನ ಪಾಡಿಗೆ ನಡೆಯುತ್ತೇನೆ. ಮಧ್ಯಾಹ್ನವೆಲ್ಲ ಅದನ್ನೇ ಅಭ್ಯಾಸ ಮಾಡಿದೆ. ಮೇಸ್ತ್ರಿ ಕೆಲಸ ಬಿಟ್ಟು ನೋಡುತ್ತಿದ್ದ. ಕೆಲಸ ನೋಡಪ್ಪಾ ಎಂದು ಗದರಿದೆ.

ಏಪ್ರಿಲ್ ೭, ಸೋಮವಾರ

ಬಟ್ಟೆ ಅಂಗಡಿಯ ಗಾಜಿನೊಳಗೆ ಹಳದಿ ಬಟ್ಟೆಯ ಸುರುಳಿ ಇಟ್ಟಿದ್ದರು. ಎಳೆ ಬಿಸಿಲಿನ ಬಣ್ಣ. ಬೈಕು ನಿಲ್ಲಿಸಿ, ಅದರ ಮೇಲೆ ಕೂತೇ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಒಂದು ಮೀಟರ್ ಕತ್ತರಿಸಿಕೊಂಡು ಬಂದು ಹೊಲಿಗೆಯವಳ ಮಿಷನ್ನಿನ ಮೇಲಿಟ್ಟೆ. "ಏನಕ್ಕೆ?" ಎಂದಳು. "ಏನಕ್ಕಾದ್ರೂ" ಎಂದೆ. ಅವಳು ಮುಟ್ಟಲಿಲ್ಲ.

ಸಂಜೆ ಪಕ್ಕದ ಮನೆಯ ಮಗುವಿನ ತೂಕ ನೋಡಿ ಬರುವಾಗ ಮಿಷನ್ ಓಡುವ ಸದ್ದು. ಕಿಟಕಿಯಲ್ಲಿ ಇಣುಕಿದೆ. ನನ್ನ ಅಂಗೈಯಷ್ಟಗಲದ ಒಂದು ಹಳದಿ ಅಂಗಿ. ಅವಳು ಅದನ್ನು ಸರಕ್ಕನೆ ಒಂದು ದೊಡ್ಡ ಪ್ಯಾಂಟಿನ ಕೆಳಗೆ ತಳ್ಳಿದಳು. ನಾನು ಏನೂ ಕಾಣದವಳ ಹಾಗೆ ಬಂದೆ. ಗುಡ್ಡ ಇಳಿಯುವಾಗ ಯಾವುದೋ ಹಾಡು ಗುನುಗುತ್ತಿದ್ದೆನಂತೆ, ಅಜ್ಜಿ ಹೇಳಿದರು.

ಏಪ್ರಿಲ್ ೧೧, ಶುಕ್ರವಾರ

ಕೋಟಿನ ಕೆಸರನ್ನೂ ತೊಳೆದಿಲ್ಲ, ಮೊದಲು ಬರೆಯುತ್ತೇನೆ.

ಊಟದ ಹೊತ್ತಿಗೆ ಗುಡ್ಡದ ನಡುವೆ ಇದ್ದೆ. ಅತ್ತೆ ಮಾಳಿಗೆಯಿಂದ ಕೂಗಿದರು. ಹೋದೆ. ಗರ್ಭದ ನೀರು ಹೋಗಿತ್ತು, ನೋವು ಬಂದು ಬಂದು ಹೋಗುತ್ತಿತ್ತು. ಪರೀಕ್ಷೆ ಮಾಡಿದೆ. ಮಗುವಿನ ಎದೆಬಡಿತ ಗಟ್ಟಿಯಾಗಿತ್ತು, ಸಮಯವೂ ಇತ್ತು, ಆದರೆ ಪೋಲು ಮಾಡುವಷ್ಟಲ್ಲ. ಆಸ್ಪತ್ರೆಗೆ ಫೋನ್ ಮಾಡಿದೆ, ವ್ಯಾನು ಬುಡಕ್ಕೆ ಬರುತ್ತದೆ ಎಂದರು. ಗಂಡ ಬೇಕರಿಯಲ್ಲಿ, ಗಲ್ಲಿಯ ಗಂಡಸರೆಲ್ಲ ಕೆಲಸದಲ್ಲಿ. ಇದ್ದರೂ ಕುರ್ಚಿಗೆ ದಾರಿಯಿಲ್ಲ. ನಡೆಸೋಣವೆಂದು ಎಬ್ಬಿಸಿದರೆ ಹೊಸ್ತಿಲಲ್ಲೇ ಅವಳ ಕಾಲು ಕುಸಿಯಿತು. "ಆಗಲ್ಲ, ಈ ಸಲಾನೂ ಆಗಲ್ಲ" ಎಂದು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನನ್ನ ಕಣ್ಣು ಬೈಕಿನ ಮೇಲೆ ಬಿತ್ತು. ಹೊಲಿಗೆಯವಳ ಕಣ್ಣೂ ಬಿತ್ತು. "ಅದರ ಮೇಲಾ?" ಎಂದಳು. ಅದರ ಮೇಲೇ.

ಒಂದು ದಿಂಬು ಹಾಕಿ ಹಿಂದೆ ಕೂರಿಸಿದೆ. ಸೀಟು ಎಷ್ಟು ತಗ್ಗೆಂದರೆ ಹತ್ತಿಸುವ ಕಷ್ಟವೇ ಇರಲಿಲ್ಲ. ಕುರ್ಚಿಯಲ್ಲಿ ಕೂತ ಹಾಗೆ ಕೂತಳು. ಅತ್ತೆ ಹಿಂದಿನಿಂದ ಅವಳ ಸೊಂಟಕ್ಕೆ ಕೈಕೊಟ್ಟರು. ಎಂಜಿನ್ ಶುರು ಮಾಡಿ, ಬ್ರೇಕು ಹಿಡಿದು, ಎರಡೂ ಕಾಲು ನೆಲಕ್ಕೂರಿ ನಡೆಯತೊಡಗಿದೆ. ಎಡಗಾಲು, ಬಲಗಾಲು. ಒಂದು ಕಡೆ ಗೋಡೆ, ಒಂದು ಕಡೆ ಹೊಂಡ. ನೋವು ಬಂದಾಗ ಅವಳು ನನ್ನ ಕೋಟನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಆಗ ಕಾಲು ಅಗಲಿಸಿ ನಿಂತುಬಿಡುತ್ತಿದ್ದೆ, ಬೈಕು ಮಿಸುಕುತ್ತಿರಲಿಲ್ಲ. "ಉಸಿರು ಬಿಡಿ, ನಿಧಾನ, ನಿಧಾನ, ನಾನು ಹಿಡಿದಿದೀನಿ." ಕೈ ಸಡಿಲಾದ ಮೇಲೆ ಮತ್ತೆ ಎಡಗಾಲು, ಬಲಗಾಲು.

ಸದ್ದು ಕೇಳಿ ಎಲ್ಲರೂ ಬಾಗಿಲಿಗೆ ಬಂದರು. ಅಜ್ಜಿ ಎಲ್ಲಿಂದಲೋ ಮುಂದೆ ಬಂದು, "ಹಗ್ಗ ಇಳಿಸ್ರೇ, ಬಕೆಟ್ ಎತ್ರೇ, ಬೆಕ್ಕು ಹಿಡ್ಕೊಳ್ರೇ" ಎಂದು ದಾರಿ ಬಿಡಿಸುತ್ತಾ ನಡೆದರು. ಹರವಿದ ಬಟ್ಟೆಗಳೆಲ್ಲ ನಮ್ಮ ಮುಂದೆ ಮುಂದೆ ಮಾಯವಾದವು. ಕೆಸರು ಹೆಚ್ಚಿದ್ದ ಕಡೆ ಮೇಸ್ತ್ರಿ ಮತ್ತು ಅವನ ಆಳುಗಳು ಹೊಂಡದೊಳಗೆ ನಿಂತು, ನಾವು ಜಾರದ ಹಾಗೆ ಅಂಚಿನುದ್ದಕ್ಕೂ ಹಲಗೆಗಳನ್ನು ಎತ್ತಿ ಹಿಡಿದರು. ನನ್ನ ಒಂದು ಶೂ ಕೆಸರಲ್ಲೇ ಉಳಿಯಿತು. ಬುಡದ ಇಳಿಜಾರಿನಲ್ಲಿ ಮೆಕ್ಯಾನಿಕ್ ಓಡಿಬಂದು ಹ್ಯಾಂಡಲ್ ಹಿಡಿಯಲು ನೋಡಿದ. "ಬಿಡು, ನಾನಿದೀನಿ" ಎಂದೆ.

ವ್ಯಾನು ನಿಂತಿತ್ತು. ಬಾಗಿಲು ತೆರೆದೇ ಇತ್ತು.

ಬಿಸಿಲು ಇಳಿಯುವ ಮೊದಲೇ ಹೆರಿಗೆಯಾಯಿತು. ಹೆಣ್ಣು. ಹುಟ್ಟಿದ ತಕ್ಷಣ ಒಮ್ಮೆ ಸುತ್ತ ನೋಡಿ, ಆಮೇಲೆ ಇಡೀ ಮಹಡಿಗೆ ಕೇಳುವ ಹಾಗೆ ಕಿರುಚಿತು. ನಾನು ಎಷ್ಟೋ ಮಕ್ಕಳ ಮೊದಲ ಅಳು ಕೇಳಿದ್ದೇನೆ. ಇವತ್ತು ಕಾರಿಡಾರಿಗೆ ಹೋಗಿ, ಒಂಟಿ ಶೂನಲ್ಲಿ, ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಬೇಕರಿಯವನು ಮೈಯೆಲ್ಲ ಹಿಟ್ಟು ಮಾಡಿಕೊಂಡು ಓಡಿಬಂದವನು ನನ್ನ ಅಳು ನೋಡಿ ಬೆಳ್ಳಗಾದ. ಮೊದಲೇ ಬೆಳ್ಳಗಿದ್ದ. "ಮಗಳು, ಮಗಳು, ಇಬ್ಬರೂ ಚೆನ್ನಾಗಿದ್ದಾರೆ" ಎಂದು ಅವನ ಭುಜ ಅಲುಗಾಡಿಸಿದೆ. ಇಬ್ಬರ ನಡುವೆ ಹಿಟ್ಟು ಹಾರಿತು.

ದೊಡ್ಡ ಸಿಸ್ಟರ್ ಕೋಣೆಗೆ ಕರೆದು, ಬಸುರಿಯನ್ನು ಬೈಕಿನಲ್ಲಿ ತರುವುದು ಯಾವ ನಿಯಮದಲ್ಲಿದೆ ಎಂದು ಚೆನ್ನಾಗಿ ಬೈದರು. ಬೈದು ಮುಗಿಸಿ ತಮ್ಮ ಚಪ್ಪಲಿ ಕಳಚಿ ಕೊಟ್ಟರು. ನನ್ನ ಅರ್ಧ ಪಾದ ಹಿಡಿಯಿತು.

ಏಪ್ರಿಲ್ ೧೩, ಭಾನುವಾರ

ರಜೆ ಇದ್ದರೂ ವಾರ್ಡಿಗೆ ಹೋಗಿದ್ದೆ. ಹೊಲಿಗೆಯವಳು ದಿಂಬಿಗೊರಗಿ ಕೂತಿದ್ದಳು. ಮಗು ಮಡಿಲಲ್ಲಿ, ಹಳದಿ ಅಂಗಿಯಲ್ಲಿ. ತೋಳು ಗಿಡ್ಡವಾಗಿತ್ತು, ಪುಟ್ಟ ಮುಂಗೈ ಪೂರ್ತಿ ಹೊರಗೆ. "ಇಷ್ಟುದ್ದ ಇರ್ತಾಳೆ ಅಂತ ಯಾರಿಗೆ ಗೊತ್ತಿತ್ತು?" ಎಂದಳು. "ಬಸುರೀಲಿ ಇವರನ್ನೇ ನೋಡ್ತಿದ್ಯಲ್ಲ, ಇನ್ನೇನಾಗುತ್ತೆ" ಎಂದರು ಅತ್ತೆ. ಮೂವರೂ ನಕ್ಕೆವು. ನೋಯುತ್ತದೆಂದು ಅವಳು ಹೊಟ್ಟೆ ಹಿಡಿದುಕೊಂಡೇ ನಕ್ಕಳು.

ಅತ್ತೆ ನೀರು ತರಲು ಹೋದಾಗ ಕೇಳಿದೆ, "ಆವತ್ತು ಇಳೀವಾಗ ತುಂಬ ಹೆದರಿದ್ರಾ?"

ಅವಳು ಮಗುವಿನ ಮುಂಗೈಯನ್ನು ತನ್ನ ಬೆರಳಿಂದ ಮುಚ್ಚಿದಳು. "ಹೋದ ಸಲ ಕುರ್ಚೀಲಿ ಹೊತ್ಕೊಂಡು ಹೋದಾಗ ಎಲ್ಲಾ ಕಾಣ್ತಿತ್ತು ಸಿಸ್ಟರ್. ಇಳಿಜಾರು ಕಾಣ್ತಿತ್ತು, ಜನ ಕಾಣ್ತಿದ್ರು. ಯಾರ ಮುಖ ನೋಡಿದ್ರೂ, ಇದು ಆಸ್ಪತ್ರೆ ಮುಟ್ಟಲ್ಲ ಅಂತ ಅವರಿಗೆ ಮೊದಲೇ ಗೊತ್ತಿದ್ದ ಹಾಗಿತ್ತು. ಈ ಸಲಾನೂ ಅದನ್ನೆಲ್ಲ ನೋಡ್ಬೇಕಲ್ಲಾ ಅಂತಾನೇ ಬಾಗಿಲು ಬಿಡ್ಲಿಲ್ಲ ನಾನು. ಆಮೇಲೆ ನಿಮ್ಮ ಹಿಂದೆ ಕೂತೆ. ನಿಮ್ಮ ಬೆನ್ನು ಬಿಟ್ರೆ ಏನೂ ಕಾಣ್ಲಿಲ್ಲ. ಗಲ್ಲಿ ಇಲ್ಲ, ಹೊಂಡ ಇಲ್ಲ, ಒಂದು ಮುಖಾನೂ ಇಲ್ಲ. ಕೋಟಿನ ಹೊಲಿಗೆ ನೋಡ್ತಾ ಕೂತಿದ್ದೆ. ಇಷ್ಟು ದೊಡ್ಡದು ಮುಂದೆ ಇರುವಾಗ ನನ್ನ ಮಗು ತನಕ ಏನು ಬರುತ್ತೆ ಅನ್ನಿಸ್ತು."

ಮಗುವನ್ನು ಕೊಡಿ ಎಂದು ಕೈ ಚಾಚಿದೆ. ಕೊಟ್ಟಳು. ಅದು ನನ್ನ ಭುಜಕ್ಕೆ ಕೆನ್ನೆಯಿಟ್ಟು ನಿದ್ದೆಹೋಯಿತು.

ಮನೆಗೆ ಬಂದು ಅಮ್ಮನ ಕೈಗನ್ನಡಿ ತೆಗೆದುಕೊಂಡು, ಬೀರುವಿನ ಕನ್ನಡಿಗೆ ಬೆನ್ನು ಹಾಕಿ ನಿಂತೆ. ನನ್ನ ಮೊಣಕಾಲು, ಮೊಣಕೈ, ಕುತ್ತಿಗೆ ಎಲ್ಲವನ್ನೂ ಈ ಊರಿನ ಎಲ್ಲ ಗಾಜುಗಳಲ್ಲಿ ನೋಡಿ ಬೈದುಕೊಂಡಿದ್ದೇನೆ, ಬೆನ್ನನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ. ತುಂಬ ಹೊತ್ತು ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತು, "ಏನೇ ಅದು, ಬೆನ್ನಿಗೇನಾಯ್ತು?" ಎಂದಳು.

"ಏನಾಗಿಲ್ಲಮ್ಮ, ಚೆನ್ನಾಗಿದೆ" ಎಂದೆ.